ಬ್ಯಾಗ್ ಕಾಯಲು ಕೂರಬೇಡಿ: ಅಮೆರಿಕಕ್ಕೆ ಹೊರಟ ಅಜ್ಜ–ಅಜ್ಜಿಯರಿಗೆ ಒಂದು ಬಹಿರಂಗ ಪತ್ರ

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೊರಟಿರುವ, ಈಗಾಗಲೇ ಅಲ್ಲಿ ತಲುಪಿರುವ ಕನ್ನಡದ ಎಲ್ಲ ಅಜ್ಜ–ಅಜ್ಜಿಯರೇ,

ನಿಮ್ಮಲ್ಲಿ ಕೆಲವರ ಸೂಟ್‌ಕೇಸ್‌ಗಳು ಈ ಹೊತ್ತಿಗೆ ತೂಕದ ಯಂತ್ರದ ಮೇಲಿರಬಹುದು. ಚಟ್ನಿಪುಡಿ, ಹಪ್ಪಳ, ಮೊಮ್ಮಕ್ಕಳ ಬಟ್ಟೆ, ತಿಂಗಳುಗಟ್ಟಲೆ ಸಾಲುವಷ್ಟು ಬಿ.ಪಿ. ಮಾತ್ರೆ. ಅತ್ತ ಮಗನೋ ಮಗಳೋ ವಾರಾಂತ್ಯಗಳ ಪಟ್ಟಿ ಹಾಕಿಟ್ಟಿರುತ್ತಾರೆ. ಮನೆ ಮಿಸೌರಿಯಲ್ಲಿದ್ದರೆ, ಅಥವಾ ಕಾರಿನಲ್ಲಿ ಐದು ಗಂಟೆ ದೂರದ ಶಿಕಾಗೋದಲ್ಲಿದ್ದರೂ, ಆ ಪಟ್ಟಿಯಲ್ಲಿ ಸೇಂಟ್ ಲೂಯಿಸ್ ಇರುವುದು ಸಹಜ. 630 ಅಡಿ ಎತ್ತರದ ಗೇಟ್‌ವೇ ಆರ್ಚ್, ಬಾಲ್ವಿನ್‌ನ ಹಿಂದೂ ದೇವಾಲಯ, ಫಾರೆಸ್ಟ್ ಪಾರ್ಕಿನ ಮೃಗಾಲಯ, ಕೊನೆಗೆ ಮಕ್ಕಳಿಗಾಗಿ ಸಿಟಿ ಮ್ಯೂಸಿಯಂ. ಆ ಕೊನೆಯ ಹೆಸರಿನ ಹಿಂದಿರುವ ‘ಮಕ್ಕಳಿಗಾಗಿ’ಯನ್ನು ನೀವು ಒಪ್ಪಬಾರದು ಎಂದು ಕೇಳಿಕೊಳ್ಳುವುದಕ್ಕೆ ಈ ಪತ್ರ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಒಳಗೆ ಹೋದ ಕೂಡಲೇ ಒಂದು ಬೆಂಚು ಹುಡುಕಿ, ‘ಅಪ್ಪಾ, ನೀವಿಬ್ರೂ ಇಲ್ಲೇ ಕೂತಿರಿ, ಬ್ಯಾಗ್ ನೋಡ್ಕೊಳ್ತಿರಿ’ ಅನ್ನುತ್ತಾರೆ. ಕಾಳಜಿಯ ಮಾತೇ ಅದು. ಮೂರು ಜಾಕೆಟ್, ಎರಡು ನೀರಿನ ಬಾಟಲಿ, ಒಂದು ಡಯಾಪರ್ ಚೀಲ ನಿಮ್ಮ ಪಕ್ಕಕ್ಕೆ ಬರುತ್ತವೆ. ಬೇರೆ ಕಡೆ ಇದರಿಂದ ದೊಡ್ಡ ನಷ್ಟವೇನಿಲ್ಲ. ಸಿಟಿ ಮ್ಯೂಸಿಯಂನಲ್ಲಿ ಮಾತ್ರ ನಷ್ಟ ಇದೆ, ಅದು ನಿಮಗಿಂತ ಮೊಮ್ಮಗುವಿಗೆ ಹೆಚ್ಚು. ಯಾಕೆಂದರೆ ಅಲ್ಲಿರುವ ವಸ್ತುಗಳು ಏನು, ಒಂದು ಕಾಲದಲ್ಲಿ ಯಾವ ಕೆಲಸ ಮಾಡುತ್ತಿದ್ದವು ಎಂದು ಹೇಳಬಲ್ಲವರು ಆ ಕುಟುಂಬದಲ್ಲಿ ನೀವೇ.

ಅದು ಮೊದಲು ಕಾರ್ಖಾನೆಯ ಕಟ್ಟಡ. ಹತ್ತು ಮಹಡಿ, ಆರು ಲಕ್ಷ ಚದರ ಅಡಿ. ಕಟ್ಟಿಸಿದ್ದು ಇಂಟರ್‌ನ್ಯಾಷನಲ್ ಷೂ ಕಂಪನಿ. 1911ರಲ್ಲಿ ಹುಟ್ಟಿ, ಒಂದು ಕಾಲಕ್ಕೆ ಜಗತ್ತಿನಲ್ಲೇ ಅತಿ ದೊಡ್ಡ ಪಾದರಕ್ಷೆ ತಯಾರಕ ಅನ್ನಿಸಿಕೊಂಡಿದ್ದ ಕಂಪನಿ. ಷೂಗಳಲ್ಲಿ ಮೊದಲು, ಮದ್ಯದಲ್ಲಿ ಮೊದಲು, ಬೇಸ್‌ಬಾಲ್ ಪಟ್ಟಿಯಲ್ಲಿ ಕಡೆ ಎಂದು ಆ ಊರಿನವರು ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುತ್ತಿದ್ದರು. ನಾಟಕಕಾರ ಟೆನೆಸಿ ವಿಲಿಯಮ್ಸ್ ಅವರ ತಂದೆ ದುಡಿದದ್ದು ಇದೇ ಕಂಪನಿಯಲ್ಲಿ. ಮಗನೂ 1930ರ ದಶಕದಲ್ಲಿ ಇಲ್ಲೇ ಗುಮಾಸ್ತಗಿರಿ ಮಾಡಿ ಬೇಸತ್ತು ಬಿಟ್ಟವರು.

ಆಮೇಲೆ ಷೂ ತಯಾರಿಕೆ ಆ ಊರು ಬಿಟ್ಟಿತು. ಜನರೂ ಬಿಟ್ಟರು. 1950ರಲ್ಲಿ 8,56,796 ಜನ ಇದ್ದ ನಗರದಲ್ಲಿ 2020ರ ಗಣತಿಯ ಹೊತ್ತಿಗೆ ಉಳಿದವರು 3,01,578. ವಾಷಿಂಗ್ಟನ್ ಅವೆನ್ಯೂ ಉದ್ದಕ್ಕೂ ಗೋದಾಮುಗಳು ಬೀಗ ಹಾಕಿಕೊಂಡವು. ಬೆಂಗಳೂರಿನ ಬಿನ್ನಿ ಮಿಲ್ಲನ್ನೋ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯನ್ನೋ ನಡೆಯುತ್ತಿದ್ದಾಗ ನೋಡಿ, ಮುಚ್ಚಿದ ಮೇಲೂ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1993ರಲ್ಲಿ ಬಾಬ್ ಕ್ಯಾಸಿಲಿ ಎಂಬ ಶಿಲ್ಪಿ, ಪತ್ನಿ ಗೇಲ್ ಜೊತೆಗೂಡಿ, ಆ ಕಟ್ಟಡವನ್ನು ಚದರ ಅಡಿಗೆ ಒಂದು ಡಾಲರ್‌ಗೂ ಕಡಿಮೆ ಬೆಲೆಗೆ ಕೊಂಡರು. ಸುಮಾರು ಇಪ್ಪತ್ತು ಕುಶಲಕರ್ಮಿಗಳ ತಂಡ ಕಟ್ಟಿಕೊಂಡರು. ಕಟ್ಟಲು ಬೇಕಾದ ಸಾಮಗ್ರಿಯನ್ನು ಸೇಂಟ್ ಲೂಯಿಸ್‌ನ ಎಲ್ಲೆಯೊಳಗೇ ಹುಡುಕಿದರು. ಹಳೆಯ ಚಿಮಣಿಗಳು, ಒಡೆದ ಸೇತುವೆಗಳ ತುಂಡುಗಳು, ಕ್ರೇನ್‌ಗಳು, ಮೈಲುಗಟ್ಟಲೆ ಟೈಲ್ಸ್, ಬ್ಯಾಂಕೊಂದರ ಖಜಾನೆಯ ಉಕ್ಕಿನ ಬಾಗಿಲುಗಳು. 1997ರ ಅಕ್ಟೋಬರ್ 25ರಂದು ಸಿಟಿ ಮ್ಯೂಸಿಯಂ ಬಾಗಿಲು ತೆರೆಯಿತು.

ಕ್ಯಾಸಿಲಿಯ ಬಗ್ಗೆ ಒಂದು ಸಂಗತಿ ಹೇಳದೆ ಮುಂದೆ ಹೋಗಲಾಗದು. 1972ರ ಮೇ ತಿಂಗಳಲ್ಲಿ, ಆಗಷ್ಟೇ ಮದುವೆಯಾಗಿ ಮಧುಚಂದ್ರಕ್ಕೆ ರೋಮ್‌ಗೆ ಹೋಗಿದ್ದ ಈ ಯುವಕ ಸೇಂಟ್ ಪೀಟರ್ಸ್ ಬಸಿಲಿಕಾದಲ್ಲಿದ್ದಾಗಲೇ ಲಾಜ್ಲೊ ಟೋತ್ ಎಂಬಾತ ಸುತ್ತಿಗೆ ಹಿಡಿದು ಮೈಕೆಲೇಂಜೆಲೊನ ‘ಪಿಯೆಟಾ’ ಶಿಲ್ಪದ ಮೇಲೇರಿ ಬಡಿಯತೊಡಗಿದ. ಅವನನ್ನು ಹಿಡಿದು ಕೆಳಗೆಳೆದವರಲ್ಲಿ ಕ್ಯಾಸಿಲಿಯೂ ಒಬ್ಬ. ಒಂದು ಕಲಾಕೃತಿ ಪೆಟ್ಟು ತಿನ್ನುವುದನ್ನು ನೋಡಿ ಮೇಲೆರಗಿದ ಆ ಮನುಷ್ಯ, ಮುಂದೆ ತಾನು ಮಾಡಿದ ಶಿಲ್ಪಗಳನ್ನೆಲ್ಲ ಮಕ್ಕಳು ತುಳಿಯಲಿ, ಹತ್ತಲಿ, ಜಾರಲಿ ಎಂದೇ ಮಾಡಿದ. ಎರಡಕ್ಕೂ ವಿರೋಧವಿಲ್ಲ. ವಸ್ತುವಿನ ಮೇಲೆ ಪ್ರೀತಿ ಇದ್ದವನಿಗೆ ಅದನ್ನು ಒಡೆಯುವ ಕೈ ಯಾವುದು, ಹಿಡಿದುಕೊಳ್ಳುವ ಕೈ ಯಾವುದು ಎಂದು ಗೊತ್ತಿರುತ್ತದೆ.

ಒಳಗೆ ಹೋದಾಗ ನಕ್ಷೆ ಕೇಳಬೇಡಿ. ಕೊಡುವುದಿಲ್ಲ, ಜನ ತಾವೇ ದಾರಿ ಹುಡುಕಲಿ ಎಂಬುದು ಮೊದಲಿನಿಂದಲೂ ಅಲ್ಲಿಯ ಪದ್ಧತಿ. ನೆಲದ ತುಂಬ ಕೈಯಿಂದ ಕೂರಿಸಿದ ಮೊಸಾಯಿಕ್, ಅದರಲ್ಲಿ ಜಲಚರಗಳು. ಎದುರಿಗೆ ಒಳಹೊಕ್ಕು ನಡೆಯಬಹುದಾದ ಒಂದು ತಿಮಿಂಗಿಲ. ಮೇಲೆ ತಲೆಯೆತ್ತಿದರೆ ಸೂರಿನ ಕೊಳವೆಗಳಲ್ಲಿ ಯಾರದೋ ಮಕ್ಕಳ ಪಾದಗಳು ಸರಿದುಹೋಗುತ್ತಿರುತ್ತವೆ. ಇದು ಎಲ್ಲಿಗೆ ಹೋಗುತ್ತದೆ ಎಂದು ಒಂದು ರಂಧ್ರದ ಮುಂದೆ ನಿಂತು ಯೋಚಿಸಿದರೆ ಉತ್ತರ ಸಿಗದು, ನುಗ್ಗಿಯೇ ನೋಡಬೇಕು.

ಮ್ಯೂಸಿಯಂನ ಹೃದಯಭಾಗದಲ್ಲಿ ಕಟ್ಟಡದ ಉದ್ದಕ್ಕೂ ಮೇಲೇರುವ ಒಂದು ಬಾವಿಯಂಥ ಜಾಗವಿದೆ. ಷೂ ಕಂಪನಿಯ ಕಾಲದಲ್ಲಿ ಅಲ್ಲಿ ಉಕ್ಕಿನ ಸುರುಳಿ ಜಾರುಗಳಿದ್ದವು. ಮೇಲಿನ ಮಹಡಿಗಳಿಂದ ಷೂ ಡಬ್ಬಗಳನ್ನು ಅದರೊಳಗೆ ಬಿಟ್ಟರೆ ಸುತ್ತಿಕೊಂಡು ಸುತ್ತಿಕೊಂಡು ಕೆಳಗೆ ಲಾರಿಗಳಿಗೆ ಸರಕು ತುಂಬುವ ಕಟ್ಟೆಗೆ ಬರುತ್ತಿದ್ದವು. ವಿದ್ಯುತ್ ಬೇಡ, ಆಳು ಬೇಡ, ಗುರುತ್ವವೇ ಕೂಲಿ. ಕ್ಯಾಸಿಲಿಯ ತಂಡ ಆ ಜಾರುಗಳನ್ನು ಕೀಳಲಿಲ್ಲ. ಸುತ್ತಲೂ ಕಾಂಕ್ರೀಟಿನಲ್ಲಿ ಗುಹೆಗಳನ್ನು ಕಟ್ಟಿತು; ಗೋಡೆಯಲ್ಲಿ ಡ್ರ್ಯಾಗನ್ ಮುಖಗಳು, ವಿಚಿತ್ರ ಪ್ರಾಣಿಗಳು, ಕಲ್ಲುಹೂವುಗಳು ಮೂಡಿದವು. ಈಗ ಅದೇ ಹಾದಿಯಲ್ಲಿ ಷೂಗಳ ಬದಲು ಮನುಷ್ಯರು ಇಳಿಯುತ್ತಾರೆ. ಹತ್ತು ಮಹಡಿ ಎತ್ತರದಿಂದ ಜಾರುವುದೊಂದು, ಐದು ಮಹಡಿಯದು ಇನ್ನೊಂದು. ಕತ್ತಲು, ತಿರುವು, ಕೆಳಗೆಲ್ಲೋ ಪೈಪ್ ಆರ್ಗನ್‌ನ ಸದ್ದು. ಆ ಆರ್ಗನ್ ಕೂಡ ಹಳೆಯದು: 1924ರ ವುರ್ಲಿಟ್ಜರ್, ಒಂದು ಕಾಲದಲ್ಲಿ ನ್ಯೂಯಾರ್ಕ್‌ನ ಚಿತ್ರಮಂದಿರದಲ್ಲಿ ಮೂಕಿ ಸಿನಿಮಾಗಳ ಜೊತೆ ನುಡಿಯುತ್ತಿದ್ದ ವಾದ್ಯ.

ಮೊಮ್ಮಗು ಜಾರಿ ಕೆಳಗೆ ಬಂದು ‘ಇನ್ನೊಂದ್ ಸಲ’ ಅನ್ನುತ್ತದೆ. ಅನ್ನಲಿ. ಅದರ ಜೊತೆ ಮೆಟ್ಟಿಲು ಹತ್ತುವಾಗ, ಈ ಜಾರು ಇಲ್ಲಿ ಯಾಕಿತ್ತು ಎಂದು ಹೇಳುವ ಅವಕಾಶ ನಿಮ್ಮದು. ಅಲ್ಲಿ ಹೆಚ್ಚಿನ ಕಡೆ ವಿವರಣೆಯ ಫಲಕಗಳಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಎಕ್ಸ್‌ಪ್ಲೊರೇಟೋರಿಯಂ 1969ರಲ್ಲಿ ಶುರುವಾದಾಗಿನಿಂದ, ಮುಟ್ಟಿ ಕಲಿಯುವ ವಸ್ತುಸಂಗ್ರಹಾಲಯ ಎಂದರೆ ಒಂದು ಗುಂಡಿ, ಒಂದು ಪ್ರಯೋಗ, ಪಕ್ಕದಲ್ಲಿ ನಾಲ್ಕು ಸಾಲಿನ ವಿವರಣೆ ಎಂಬ ಮಾದರಿ ಜಗತ್ತಿನಲ್ಲೆಲ್ಲ ನೆಲೆಯೂರಿದೆ. ನಮ್ಮ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಶಾಲೆಯ ಮಕ್ಕಳನ್ನು ಕರೆದೊಯ್ದ ನಿವೃತ್ತ ಮೇಷ್ಟ್ರುಗಳಿಗೆ ಅದು ಚೆನ್ನಾಗಿ ಪರಿಚಿತ. ಸಿಟಿ ಮ್ಯೂಸಿಯಂ ಆ ಮಾದರಿಯದಲ್ಲ. ವಸ್ತುವನ್ನು ಮುಂದಿಟ್ಟು ಸುಮ್ಮನಾಗುತ್ತದೆ. ಆ ಮೌನವನ್ನು ತುಂಬಲು ಬದುಕಿನಲ್ಲಿ ಯಂತ್ರ ಮುಟ್ಟಿದ ಒಬ್ಬ ಹಿರಿಯ ಜೊತೆಗಿದ್ದರೆ ಮಗುವಿಗೆ ಸಿಗುವುದೇ ಬೇರೆ.

ಷೂ ಲೇಸ್ ಹೆಣೆಯುವ ಯಂತ್ರಗಳ ಮುಂದೆ ಇದು ಚೆನ್ನಾಗಿ ತಿಳಿಯುತ್ತದೆ. 1890ರ ದಶಕದ ಯಂತ್ರಗಳು ಅವು, ಪ್ರದರ್ಶನಕ್ಕೆ ಸುಮ್ಮನೆ ನಿಲ್ಲಿಸಿದವಲ್ಲ. ನಿಮಗೆ ಬೇಕಾದ ಬಣ್ಣದ ನೂಲು ಹೇಳಿ ಲೇಸ್ ಮಾಡಿಸಿಕೊಳ್ಳಬಹುದು. ನೂಲಿನ ಉರುಳೆಗಳು ಒಂದರ ಹಿಂದೆ ಒಂದು, ಅರ್ಧದಷ್ಟು ಬಲಕ್ಕೆ, ಅರ್ಧದಷ್ಟು ಎಡಕ್ಕೆ, ಒಮ್ಮೆ ಒಳಗೆ ಒಮ್ಮೆ ಹೊರಗೆ ಹಾಯುತ್ತ ಸುತ್ತುತ್ತವೆ. ಮಧ್ಯದಲ್ಲಿ ಹೆಣಿಗೆ ಬೆಳೆಯುತ್ತದೆ. ಜಡೆ ಕೋಲಾಟ ನೋಡಿದವರು ಅಥವಾ ಆಡಿದವರು ಒಂದು ನಿಮಿಷ ನಿಂತರೆ ಸಾಕು, ಹೆಜ್ಜೆಯ ಲೆಕ್ಕ ಎರಡರಲ್ಲೂ ಒಂದೇ ಎಂದು ಕಾಣುತ್ತದೆ. ಮೊಮ್ಮಗಳ ಕೈಗೆ ಎರಡು ದಾರ ಕೊಟ್ಟು, ನೀವೆರಡು ಹಿಡಿದು, ಮನೆಯವರಿಬ್ಬರನ್ನು ಸೇರಿಸಿಕೊಂಡು ಒಂದು ಸುತ್ತು ಹಾಕಿ ತೋರಿಸಿ. ಇಳಕಲ್ಲಿನ ಅಥವಾ ದೊಡ್ಡಬಳ್ಳಾಪುರದ ಮಗ್ಗದ ಮನೆಗಳಿಂದ ಹೋದವರಿಗಂತೂ ಆ ಯಂತ್ರದ ಸದ್ದಿನಲ್ಲೇ ಅರ್ಧ ಕಥೆ ತಿಳಿಯುತ್ತದೆ: ಎಲ್ಲಿ ಎಳೆ ತುಂಡಾಯಿತು, ಯಾವ ಉರುಳೆ ಸಡಿಲವಾಯಿತು.

ಮೂರನೆಯ, ನಾಲ್ಕನೆಯ ಮಹಡಿಗಳ ಕಡೆ ಹೋದರೆ ಕೆಡವಿದ ಕಟ್ಟಡಗಳ ಅಲಂಕಾರದ ತುಣುಕುಗಳಿವೆ. ಕಾರ್ನಿಸ್‌ಗಳು, ಸಿಂಹದ ಮುಖಗಳು, ಬಳ್ಳಿಯ ಕೆತ್ತನೆ. ಕಲ್ಲೆಂದು ಮುಟ್ಟಿದರೆ ಹಲವು ಸುಟ್ಟ ಮಣ್ಣು. ಸೇಂಟ್ ಲೂಯಿಸ್ ಇಟ್ಟಿಗೆಯ ಊರು. ಕಾಲ ಕೆಳಗೇ ಒಳ್ಳೆಯ ಜೇಡಿ ಸಿಕ್ಕಿದ್ದರಿಂದ ಬೀದಿಗೆ ಬೀದಿಯೇ ಕೆಂಪಾಗಿ ಎದ್ದಿತು. ಜನ ಖಾಲಿ ಮಾಡಿದ ಮೇಲೆ ಅದೇ ಇಟ್ಟಿಗೆಗೆ ಕಳ್ಳರು ಬಂದರು, ಪಾಳುಮನೆಗಳನ್ನು ಬಿಚ್ಚಿ ಮಾರಿದರು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದಾಗಿನಿಂದ ಕರಾವಳಿಯ ಮನೆಗಳು ಹೊದ್ದದ್ದೂ ನದಿಯ ಜೇಡಿಯನ್ನೇ ಅಲ್ಲವೇ? ಮಂಗಳೂರು, ಉಡುಪಿಯ ಅಜ್ಜಿಯರು ಆ ತುಣುಕನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಿದರೆ, ಚೆನ್ನಾಗಿ ಬೆಂದದ್ದು ಯಾವುದು ಎಂದು ಹೇಳಿಬಿಡುತ್ತಾರೆ. ಈ ಮಹಡಿಯಲ್ಲಿ ಮಕ್ಕಳು ಹೆಚ್ಚು ನಿಲ್ಲುವುದಿಲ್ಲ. ನಿಮಗೆ ಇಷ್ಟವಾದರೆ ನಿಂತುಬಿಡಿ.

ಹೊರಗಿನ ಅಂಗಳಕ್ಕೆ ಮಾನ್‌ಸ್ಟ್ರೋಸಿಟಿ ಎಂದು ಹೆಸರು. 2002ರಲ್ಲಿ ತೆರೆದದ್ದು. ಕಬ್ಬಿಣದ ಕಂಬಿಯನ್ನು ಸುರುಳಿ ಸುತ್ತಿ ಮಾಡಿದ, ನಾಲ್ಕಡಿ ಅಗಲದ ಕೊಳವೆಗಳು ಆಕಾಶದಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ. ಅವುಗಳೊಳಗೆ ತೆವಳಿಕೊಂಡು ಹೋದರೆ ತಲುಪುವುದು ವಿಮಾನಕ್ಕೆ. ನಿಜವಾದ ವಿಮಾನ, ಸೇಬರ್‌ಲೈನರ್ 40 ಎಂಬ ಎರಡು ಪುಟ್ಟ ಜೆಟ್‌ಗಳ ಒಡಲುಗಳನ್ನು ಅಲ್ಲಿ ಎತ್ತರದಲ್ಲಿ ನಿಲ್ಲಿಸಿದ್ದಾರೆ. ಜೊತೆಗೆ ಒಂದು ಅಗ್ನಿಶಾಮಕ ವಾಹನ, ಕೋಟೆಯ ಬುರುಜು, ಕೆಳಗೆ ಚೆಂಡುಗಳ ಹೊಂಡ. ಎಚ್‌ಎಎಲ್‌ನಲ್ಲಿ ಮೂವತ್ತು ವರ್ಷ ಸಂಬಳ ಪಡೆದವರು ಬೆಂಗಳೂರಿನ ಎಷ್ಟೋ ಮನೆಗಳಲ್ಲಿದ್ದಾರೆ. ಅವರಲ್ಲೊಬ್ಬರು ಆ ವಿಮಾನದೊಳಗೆ ಹೊಕ್ಕರೆ, ಒಳಗೋಡೆ ಕಳಚಿ ಬೆತ್ತಲಾದ ಪಕ್ಕೆಲುಬುಗಳನ್ನು, ರಿವೆಟ್ ಸಾಲುಗಳನ್ನು ನೋಡಿದರೆ, ಮೊಮ್ಮಗನಿಗೆ ಹೇಳಲು ಬೇಕಾದಷ್ಟಿದೆ. ಅಜ್ಜ ಬದುಕಿಡೀ ಮಾಡಿದ ಕೆಲಸ ಏನೆಂದು ಹಲವು ಮೊಮ್ಮಕ್ಕಳಿಗೆ ಗೊತ್ತೇ ಇರುವುದಿಲ್ಲ. ‘ಫ್ಯಾಕ್ಟರಿಲಿದ್ರು’ ಎಂಬ ಒಂದು ಮಾತಿನಲ್ಲಿ ಅದು ಮುಗಿದುಹೋಗಿರುತ್ತದೆ. ರಿವೆಟ್ ಯಾಕೆ ಆ ಅಂತರದಲ್ಲೇ ಇರಬೇಕು ಎಂದು, ಅದರ ಮೇಲೆ ಬೆರಳಿಟ್ಟು, ಹತ್ತು ವರ್ಷದ ಹುಡುಗನಿಗೆ ವಿವರಿಸಲು ಇದಕ್ಕಿಂತ ಒಳ್ಳೆಯ ಜಾಗ ಭೂಮಿಯ ಮೇಲೆ ಹೆಚ್ಚಿಲ್ಲ.

ಎಚ್‌ಎಂಟಿಯವರಿಗೂ ಇದೇ ಮಾತು. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಆ ಸಂಸ್ಥೆಯ ಗಡಿಯಾರ ವಿಭಾಗವನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಹಲ್ಲುಚಕ್ರ, ಬೇರಿಂಗ್, ಲೇತ್‌ನ ಪರಿಚಯ ಇರುವ ಕೈಗಳು ಈಗ ಮೊಬೈಲ್ ತಳ್ಳುತ್ತ ಸೋಫಾದ ಮೇಲಿವೆ. ಸಿಟಿ ಮ್ಯೂಸಿಯಂನ ಮೂಲೆಮೂಲೆಯಲ್ಲಿ ಅಂಥ ಕೈಗಳಿಗೆ ಗುರುತು ಸಿಗುವ ಲೋಹ ಇದೆ.

ಭಾರತದ ಸುತ್ತುದಾರಿಯ ನಂಟೊಂದೂ ಅಲ್ಲಿದೆ. ಜಗತ್ತಿನ ಅತಿ ದೊಡ್ಡ ಪೆನ್ಸಿಲ್ ಎಂದು ತೋರಿಸುವ 76 ಅಡಿ ಉದ್ದದ ಪೆನ್ಸಿಲ್ ತಯಾರಾದದ್ದು 2007ರಲ್ಲಿ, ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ. ಪುದುಚೇರಿಯ ಅರವಿಂದಾಶ್ರಮದಲ್ಲಿ ಬೆಳೆದು 1964ರಲ್ಲಿ ಅಮೆರಿಕಕ್ಕೆ ಹೋದ ಬಂಗಾಳದ ಶ್ರೀ ಚಿನ್ಮಯ್ ಅವರ 76ನೇ ಹುಟ್ಟುಹಬ್ಬಕ್ಕೆ, ಗಿನ್ನೆಸ್ ದಾಖಲೆಗಳ ಸರದಾರನಾದ ಅವರ ಶಿಷ್ಯ ಆಶ್ರಿತ ಫರ್ಮನ್ ಗೆಳೆಯರೊಂದಿಗೆ ಮಾಡಿಸಿದ್ದು. ಮರದೊಳಗೆ ನಿಜವಾದ ಗ್ರಾಫೈಟ್ ಇದೆ.

ತಾರಸಿಯಲ್ಲಿ ಒಂದು ಹಳೆಯ ಫೆರಿಸ್ ಚಕ್ರ, ಗುಮ್ಮಟದ ಮೇಲೆ ದೈತ್ಯ ಸೂರ್ಯನಕುದುರೆ ಹುಳು, ಅಂಚಿನಿಂದ ಮುಂಭಾಗ ಹೊರಚಾಚಿ ನಿಂತ ಹಳದಿ ಶಾಲಾಬಸ್ಸು. ಬಸ್ಸಿನ ಚಾಲಕನ ಸೀಟಿನಲ್ಲಿ ಕೂರಬಹುದು. ಮುಂದಿನ ಗಾಜಿನ ಆಚೆ ನೆಲವೇ ಇಲ್ಲ. ಚಳಿಗಾಲದಲ್ಲಿ, ಗುಡುಗು ಮಳೆಯಲ್ಲಿ ತಾರಸಿ ಮುಚ್ಚಿರುತ್ತದೆ. ಆದ್ದರಿಂದ ಹೋಗುವ ದಿನ ಹವೆ ನೋಡಿಕೊಳ್ಳಲು ಮಕ್ಕಳಿಗೆ ಹೇಳಿ.

ಈಗ ಅಪಾಯದ ಮಾತು. ಅದನ್ನು ಮುಚ್ಚಿಟ್ಟು ನಿಮ್ಮನ್ನು ಕರೆಯುವುದು ಸರಿಯಲ್ಲ. ಅಲ್ಲಿ ಜನರಿಗೆ ಪೆಟ್ಟಾಗಿದೆ, ಕೈಕಾಲು ಮುರಿದಿವೆ, ಮೊಕದ್ದಮೆಗಳು ನಡೆದಿವೆ. ಮೊಕದ್ದಮೆಗಳಿಂದ ವಿಮೆಯ ಖರ್ಚು ಏರಿ ಟಿಕೆಟ್ ದರ ಹೆಚ್ಚಿಸಬೇಕಾಯಿತೆಂದು ಸಿಟ್ಟಾದ ಕ್ಯಾಸಿಲಿ, ದಾವೆ ಹೂಡಿದ ವಕೀಲರ ಹೆಸರುಗಳನ್ನು ಟಿಕೆಟ್ ಕೌಂಟರ್ ಬಳಿ ಫಲಕ ಹಾಕಿ ಪ್ರಕಟಿಸಿದ್ದರು. ಆ ಸಿಟ್ಟಿನಲ್ಲಿ ಅರ್ಧ ನ್ಯಾಯ ಇತ್ತು, ಅರ್ಧ ಇರಲಿಲ್ಲ. ಪೆಟ್ಟು ತಿಂದ ಮಗುವಿನ ತಂದೆ–ತಾಯಿ ಪರಿಹಾರ ಕೇಳುವುದು ತಪ್ಪಲ್ಲ. ಆದರೆ ಎಲ್ಲ ಮೂಲೆಗೂ ರಬ್ಬರ್ ಹೊದಿಸಿದ, ಪ್ಲಾಸ್ಟಿಕ್ಕಿನ ಒಂದೇ ಅಚ್ಚಿನ ಒಳಾಂಗಣ ಆಟದ ಮನೆಗಳಲ್ಲಿ ಬೆಳೆದ ಮಗುವಿಗೆ ತನ್ನ ದೇಹದ ಅಳತೆ ತಿಳಿಯುವುದು ಯಾವಾಗ? ಸಿಟಿ ಮ್ಯೂಸಿಯಂನಲ್ಲಿ ಕಬ್ಬಿಣ ಕಬ್ಬಿಣದಂತೆ ತಣ್ಣಗಿದೆ, ಕಾಂಕ್ರೀಟು ಒರಟಾಗಿದೆ, ಎತ್ತರ ಎತ್ತರವಾಗಿಯೇ ಕಾಣುತ್ತದೆ. ಮಗು ಕಣ್ಣಿಂದ ನೋಡಿ, ಕಾಲು ಇಡುವ ಮೊದಲು ಒಂದು ಕ್ಷಣ ತಡೆಯುತ್ತದೆ. ಹುಣಸೆಮರ, ಕಲ್ಯಾಣಿಯ ಮೆಟ್ಟಿಲು, ಅರ್ಧ ಕಟ್ಟಿದ ಮನೆಗಳ ಮೇಲೆ ಹತ್ತಿಳಿದು ಬೆಳೆದ ನಿಮಗೆ ಆ ತಡೆಯುವ ಕ್ಷಣದ ಬೆಲೆ ಗೊತ್ತು.

ನಿಮ್ಮ ದೇಹದ ವಿಷಯದಲ್ಲೂ ಅದೇ ಎಚ್ಚರ ಇರಲಿ. ಮಂಡಿ ಬದಲಿಸಿಕೊಂಡವರು, ಮೂಳೆ ಸವೆದವರು, ತಲೆಸುತ್ತು ಇರುವವರು ಹತ್ತು ಮಹಡಿಯ ಜಾರನ್ನೂ ಕಬ್ಬಿಣದ ಕೊಳವೆಗಳನ್ನೂ ಬಿಡಿ. ಗುಹೆಯ ಕೆಳಭಾಗ, ಲೇಸ್ ಯಂತ್ರ, ಕಟ್ಟಡ ತುಣುಕುಗಳ ಮಹಡಿ, ಖಜಾನೆಯ ಬಾಗಿಲು ಇವೆಲ್ಲ ನಡೆದೇ ನೋಡುವಂಥವು, ಲಿಫ್ಟ್ ಇದೆ. ಪ್ರವಾಸಿಗರ ವಿಮೆ ಹಳೆಯ ಕಾಯಿಲೆಗಳನ್ನು ಸಾಮಾನ್ಯವಾಗಿ ಒಳಗೊಳ್ಳುವುದಿಲ್ಲ. ನಿಮ್ಮ ಪಾಲಿಸಿಯಲ್ಲಿ ಏನಿದೆ ಎಂದು ಹೊರಡುವ ಮೊದಲೇ ಮಗನ ಹತ್ತಿರ ಓದಿಸಿಕೊಳ್ಳಿ. ಸೀರೆ, ಪಂಚೆ ಬೇಡ, ಕಂಬಿಗೆ ಸಿಕ್ಕಿಕೊಳ್ಳುತ್ತವೆ. ಚೂಡಿದಾರ್ ಅಥವಾ ಪ್ಯಾಂಟು, ದುಪಟ್ಟಾ ಇಲ್ಲದೆ. ಕಾಲು ಮುಚ್ಚುವ ಷೂ. ಕನ್ನಡಕಕ್ಕೆ ದಾರ. ಮಂಡಿಗೆ ಕಟ್ಟಿಕೊಳ್ಳುವ ಮೆತ್ತೆಗಳನ್ನು ಅಲ್ಲಿಯ ಅಂಗಡಿಯಲ್ಲೇ ಮಾರುತ್ತಾರೆ, ನಾಚಿಕೊಳ್ಳದೆ ಕೊಳ್ಳಿ. ಮೂವತ್ತರ ಹುಡುಗರೂ ಕಟ್ಟಿಕೊಂಡಿರುತ್ತಾರೆ. ಮೊಮ್ಮಗುವಿನ ಮಣಿಕಟ್ಟಿನ ಮೇಲೆ ಫೋನ್ ನಂಬರ್ ಬರೆಯಿರಿ. ತಪ್ಪಿಸಿಕೊಂಡರೆ ತಿಮಿಂಗಿಲದ ಬಾಯಿಯ ಹತ್ತಿರ ಬರಬೇಕು ಎಂದು ಮೊದಲೇ ಮಾತಾಡಿಕೊಳ್ಳಿ. ಜಾಕೆಟ್‌ಗಳನ್ನು ಕಾರಿನಲ್ಲೇ ಬಿಟ್ಟುಬಿಟ್ಟರೆ ಕಾಯುವವರೂ ಬೇಕಾಗುವುದಿಲ್ಲ.

ಸರ್ಕಸ್ ಇದ್ದರೆ ತಪ್ಪಿಸಬೇಡಿ. ಸರ್ಕಸ್ ಹಾರ್ಮನಿ ಎಂಬ ತರಬೇತಿ ಶಾಲೆಯ ಮಕ್ಕಳು ಈ ಕಟ್ಟಡದಲ್ಲಿ ವರ್ಷಗಟ್ಟಲೆ ಪ್ರದರ್ಶನ ನೀಡಿದ್ದಾರೆ. ಬೇರೆ ಬೇರೆ ಬಡಾವಣೆಯ, ಬೇರೆ ಬೇರೆ ಬಣ್ಣದ ಮಕ್ಕಳು ಒಬ್ಬರ ಹೆಗಲ ಮೇಲೊಬ್ಬರು ನಿಲ್ಲುವುದನ್ನು ಬಣ್ಣದ ಗೆರೆಯಲ್ಲಿ ವಿಭಜಿತವಾದ ಆ ನಗರದಲ್ಲಿ ನೋಡುವುದಕ್ಕೆ ಅದರದೇ ತೂಕ ಇದೆ.

ಕ್ಯಾಸಿಲಿ ಈಗಿಲ್ಲ. ಊರಿನ ಉತ್ತರ ಭಾಗದಲ್ಲಿ ಮುಚ್ಚಿದ ಸಿಮೆಂಟ್ ಕಾರ್ಖಾನೆಯೊಂದನ್ನು ಕೊಂಡು ಸಿಮೆಂಟ್‌ಲ್ಯಾಂಡ್ ಎಂಬ ಇನ್ನೂ ದೊಡ್ಡ ಆಟದ ಜಾಗ ಕಟ್ಟುತ್ತಿದ್ದಾಗ, 2011ರ ಸೆಪ್ಟೆಂಬರ್‌ನಲ್ಲಿ, ತಮ್ಮ ಬುಲ್‌ಡೋಜರ್‌ನಲ್ಲೇ ಶವವಾಗಿ ಸಿಕ್ಕರು. 61 ವರ್ಷ. ಅದು ಅರ್ಧಕ್ಕೇ ನಿಂತಿತು. ಸಿಟಿ ಮ್ಯೂಸಿಯಂ 2019ರಲ್ಲಿ ಪ್ರೀಮಿಯರ್ ಪಾರ್ಕ್ಸ್ ಎಂಬ ಮನರಂಜನಾ ಕಂಪನಿಯ ಕೈಗೆ ಹೋಯಿತು.

ಮ್ಯೂಸಿಯಂ ದೇಹಕ್ಕೆ ಹೆಚ್ಚು ಅನ್ನಿಸುವವರಿಗೆ ಕ್ಯಾಸಿಲಿಯ ಇನ್ನೊಂದು ಕೆಲಸ ಹತ್ತಿರದಲ್ಲೇ ಇದೆ. 1996ರಲ್ಲಿ ಮಾಡಿದ ಟರ್ಟಲ್ ಪಾರ್ಕ್: ಕಾಂಕ್ರೀಟಿನ ಭಾರಿ ಆಮೆಗಳು, ಮರಿ ಆಮೆಗಳು, ಒಡೆಯುತ್ತಿರುವ ಮೊಟ್ಟೆಗಳು, ಸುತ್ತಿಕೊಂಡ ಒಂದು ಹಾವು. ಎಲ್ಲವನ್ನೂ ಹತ್ತಬಹುದು. ಟಿಕೆಟ್ ಇಲ್ಲ. ಪಟ್ಟಿಯಲ್ಲಿರುವ ಮೃಗಾಲಯಕ್ಕೂ ಟಿಕೆಟ್ ಇಲ್ಲ. ಅಲ್ಲಿಗೆ ಹೋದ ದಿನವೇ ಪಕ್ಕದ ಹೆದ್ದಾರಿಯ ದಕ್ಷಿಣ ಬದಿಗೆ ದಾಟಿ ಓಕ್‌ಲೆಂಡ್ ಅವೆನ್ಯೂಗೆ ಬಂದರೆ ಆಮೆಗಳು ಸಿಗುತ್ತವೆ. ವಾರಾಂತ್ಯಕ್ಕೆ ಕಾಯಬೇಕಾಗಿಲ್ಲ, ಮಕ್ಕಳು ಆಫೀಸಿಗೆ ಹೋದ ಮಂಗಳವಾರ ಕ್ಯಾಬ್ ಹಿಡಿದು ಮೊಮ್ಮಗುವಿನ ಜೊತೆ ನೀವೇ ಹೋಗಿಬರಬಹುದು.